ಎಪ್ಪತ್ತೊಂದು ಹೆಸರು ನುಂಗಿದ ಕಂಪ್ಯೂಟರು

ತೆರಕಣಾಂಬಿಯಲ್ಲಿ ಬೆಳಗಿನ ಐದೂವರೆ. ರೇಡಿಯೊ ರಿಪೇರಿ ಅಂಗಡಿಯ ಒಂದೇ ಬಾಗಿಲು ತೆರೆದು, ಕರಿಬಸವಯ್ಯ ಕಂಪ್ಯೂಟರಿನ ಹಿಂಬದಿಗೆ ಕೈ ಒಡ್ಡಿ ನಿಲ್ಲುತ್ತಾರೆ. ಫ್ಯಾನಿನ ಗಾಳಿ ಬೆರಳಿಗೆ ತಾಗುತ್ತದೆ. ಜ್ವರದ ಮಗುವಿನ ಹಣೆ ಮುಟ್ಟುವಂತೆ ತಗಡನ್ನು ಒಮ್ಮೆ ಮುಟ್ಟಿ, ನೋಟುಬುಕ್ಕಿನಲ್ಲಿ ಬರೆಯುತ್ತಾರೆ: ‘5.40. ತಣ್ಣಗಿದೆ.’

ಪಿಯುಸಿ ವಿಜ್ಞಾನಕ್ಕೇ ಓದು ನಿಲ್ಲಿಸಿ ಇಪ್ಪತ್ತೆರಡು ವರ್ಷದಿಂದ ರೇಡಿಯೊ ಬಿಚ್ಚುತ್ತಿರುವ ಅವರು, ಎರಡು ವರ್ಷದ ಕೆಳಗೆ ಬಿಡಿಭಾಗಗಳನ್ನು ಬೆಂಗಳೂರಿನಿಂದ ತಂದು ಈ ಯಂತ್ರವನ್ನು ಕೂಡಿಸಿದರು. ಹಳೆ ಬೀರುವಿನ ತಗಡು ಬಗ್ಗಿಸಿ ಪೆಟ್ಟಿಗೆ ಮಾಡಿದ್ದೂ ಅವರೇ. ದಿನಕ್ಕೆ ಏಳೆಂಟು ಪುಟ ಅರ್ಜಿ, ಲಗ್ನಪತ್ರಿಕೆ. ಉಳಿದ ಹೊತ್ತೆಲ್ಲ ದೊಡ್ಡಮಾದಮ್ಮನದು.

ದೊಡ್ಡಮಾದಮ್ಮ ಊರಿನ ಸೂಲಗಿತ್ತಿ. ಕರಿಬಸವಯ್ಯನವರೂ ಆಕೆಯ ಕೈಯಲ್ಲೇ ಹುಟ್ಟಿದವರು. ಪಿಂಚಣಿಗೆ, ಶಾಲೆಗೆ ಹುಟ್ಟಿದ ದಿನ ಕೇಳಿದರೆ ಸುತ್ತಲ ಹಳ್ಳಿಯವರ ಬಳಿ ಕಾಗದವಿಲ್ಲ. ಆಕೆಗೆ ಮಾತ್ರ ಎಲ್ಲ ಬಾಯಲ್ಲೇ ಇತ್ತು: ಕೆರೆ ಕೋಡಿ ಬಿದ್ದ ವರ್ಷ, ಅಮಾವಾಸ್ಯೆ ಕಳೆದ ಮೂರನೇ ದಿನ, ಬೀರಯ್ಯನ ಹಿರಿಮಗಳು. ಆಕೆ ಹೇಳಿದ ಒಂದೊಂದು ಹೆಸರಿಗೂ ಹಳೆಯ ಪಂಚಾಂಗ ತಿರುವಿ ಕರಿಬಸವಯ್ಯ ತಾರೀಕು ಹುಡುಕಿ ಕಂಪ್ಯೂಟರಿಗೆ ಸೇರಿಸುತ್ತಿದ್ದರು.

ಅಷ್ಟರಲ್ಲಿ ಯಂತ್ರ ಹೇಳದೆ ಕೇಳದೆ ನಿಲ್ಲತೊಡಗಿತು. ಪರದೆ ಕಲ್ಲಾಗುತ್ತಿತ್ತು, ಕೀಲಿ ಒತ್ತಿದರೆ ಉತ್ತರವಿಲ್ಲ. ನೋಟುಬುಕ್ಕಿನಲ್ಲಿ ಮೂವತ್ತನಾಲ್ಕು ಸಲ ದಾಖಲಾಗಿದೆ. ಪಕ್ಕದ ಅರಿಸಿನ ಪಾಲಿಶ್ ಮಿಲ್ಲು ಓಡುವ ದಿನಗಳಲ್ಲೇ ಹೆಚ್ಚು. ಹಾಗಾದರೆ ಮಿಲ್ಲಿನ ಮೋಟರೇ ವೋಲ್ಟೇಜು ಎಳೆಯುತ್ತಿರಬೇಕು. ಸ್ಟೆಬಿಲೈಸರ್ ಹಾಕಿದರು, ಮೆಮೊರಿ ಕಡ್ಡಿ ಬದಲಿಸಿದರು, ಅರ್ತಿಂಗ್ ಗುಂಡಿಗೆ ಉಪ್ಪುನೀರು ಹೊಯ್ದರು. ಮೀಟರು ಇನ್ನೂರಿಪ್ಪತ್ತು ತೋರಿಸುತ್ತಲೇ ಇತ್ತು, ಯಂತ್ರ ನಿಲ್ಲುತ್ತಲೇ ಇತ್ತು.

ಮಿಲ್ಲಿನ ದಿನ ಅರಿಸಿನದ ಧೂಳು ಅಂಗಡಿಗೆಲ್ಲ ಹಾರುತ್ತದೆ. ಅದಕ್ಕೆಂದೇ ಹೊಲಿಸಿದ್ದ ದಪ್ಪ ಬಟ್ಟೆಯ ಗವಸನ್ನು ಪೆಟ್ಟಿಗೆಗೆ ತೊಡಿಸಿಯೇ ಕೆಲಸ ಮಾಡುತ್ತಿದ್ದರು. ದೊಡ್ಡಮಾದಮ್ಮ ಅದನ್ನು ನೋಡಿ ನಕ್ಕಿದ್ದಳಂತೆ.

“ಏನ್ಲಾ ಕರಿಯ, ಕೂಸ್ನ ಇಂಗ್ ಬಿಗ್ಯಾಗಿ ಸುತ್ತಿಟ್ಟಿದ್ದಯಲ್ಲ, ಉಸ್ರಾಡ್ಬ್ಯಾಡ್ವಾ ಅದು?”

“ನೀ ಎಸ್ರು ಏಳವ್ವ, ಮಿಷಿನ್ ಯವಾರ ನಂಗ್ ಬುಡು ಅಂತ ನಾನ್ ಅಂದ್ಬುಟ್ಟಿ” ಎಂದು ಕರಿಬಸವಯ್ಯ ನೆನೆಯುತ್ತಾರೆ.

ಆರುನೂರ ಹನ್ನೆರಡನೆಯ ಹೆಸರು ಉಳಿಸುತ್ತಿದ್ದಾಗಲೇ ಯಂತ್ರ ನಿಂತಿತು, ಫೈಲೇ ಕೆಟ್ಟಿತು. ಹಿಂದಿನ ವಾರದ ಫ್ಲಾಪಿಯಲ್ಲಿ ಐನೂರ ನಲವತ್ತೊಂದು ಸಿಕ್ಕವು. ಎಪ್ಪತ್ತೊಂದು ಹೋದವು. ಮಿಷಿನ್ ಸರಿಮಾಡಿ ಕರೆಯುತ್ತೇನೆ ಎಂದು ಮುದುಕಿಯನ್ನು ಮನೆಗೆ ಕಳಿಸಿದರು. ಎಂಟು ದಿನ ವೋಲ್ಟೇಜಿನ ಬೆನ್ನು ಹತ್ತಿದರು. ಒಂಬತ್ತನೇ ದಿನ ದೊಡ್ಡಮಾದಮ್ಮ ಮಲಗಿದ್ದಲ್ಲೇ ತೀರಿಕೊಂಡಳು.

“ಮಿಷಿನ್ ನಿಂತ ಟೇಮೆಲ್ಲ ನಾನ್ ಬುಕ್ಕಲ್ ಬರ್ಕಂಡಿ. ಅವ್ವ ಏಳುದ್ನ ಒಂದ್ ಆಳೇಲೂ ಬರ್ಕಳ್ನಿಲ್ಲ” ಎನ್ನುತ್ತಾರೆ.

ತಿಥಿ ಕಳೆದ ಮೇಲೆ ಹೆಂಡತಿ ಯಶೋದಮ್ಮ ಗವಸನ್ನು ಒಗೆಯಲು ಒಯ್ದರು. ಅಂದು ಮಿಲ್ಲು ಓಡಿತು, ಯಂತ್ರ ನಿಲ್ಲಲಿಲ್ಲ. ಮರುದಿನ ಕರಿಬಸವಯ್ಯ ಬೇಕೆಂದೇ ಗವಸು ತೊಡಿಸಿ ಗಡಿಯಾರ ನೋಡುತ್ತ ಕುಳಿತರು. ಮೂವತ್ತೆಂಟನೇ ನಿಮಿಷಕ್ಕೆ ಪರದೆ ಕಲ್ಲಾಯಿತು. ಮೂರು ದಿನ ಹೀಗೇ ಪರೀಕ್ಷಿಸಿದರು. ಬಿಸಿಗಾಳಿ ಹೊರಹೋಗುವ ಒಂದೇ ಕಿಂಡಿಯನ್ನು ಇಷ್ಟು ದಿನ ಗವಸಿನಿಂದ ತಾವೇ ಮುಚ್ಚುತ್ತಿದ್ದರು. ಕೊನೆಯ ದಿನ ನೋಟುಬುಕ್ಕಿನಲ್ಲಿ ಬರೆದದ್ದು ಒಂದೇ ಸಾಲು: ‘ಅವ್ವ ಹೇಳಿದ್ದಳು.’

ಈಗಲೂ ಆ ಎಪ್ಪತ್ತೊಂದರಲ್ಲಿ ಯಾರೋ ಒಬ್ಬರು ಅರ್ಜಿ ಹಿಡಿದು ಬರುತ್ತಾರೆ. ಮೊನ್ನೆ ಈರಮ್ಮ ಬಂದು, “ನಂದು ಏಳಿತ್ತಲ್ಲಪ್ಪ ಅವ್ವ, ನಾನೇ ಪಕ್ಕದಲ್ ಕೂತಿದ್ನಲ್ಲ” ಎಂದು ಕೇಳಿ ಬರಿಗೈಯಲ್ಲಿ ಹೋದರು.

ಪಕ್ಕದಲ್ಲಿ ಮಿಲ್ಲು ಶುರುವಾಗುತ್ತದೆ. ಹಳದಿ ಧೂಳು ಪೆಟ್ಟಿಗೆಯ ಮೇಲೆ ಇಳಿಯುತ್ತದೆ. ಕರಿಬಸವಯ್ಯ ಅದನ್ನು ಒರೆಸುತ್ತಾರೆ, ಮುಚ್ಚುವುದಿಲ್ಲ.

“ಉಳ್ದಿರೊ ಐನೂರ ನಲವತ್ತೊಂದು ಕಾಗ್ದಕ್ ಇಳಿಯಗಂಟ ಇದು ನಿಲ್ದಿದ್ರ ಸಾಕು.”

ಅವರ ವಯಸ್ಸು ಕೇಳಿದರೆ ಫ್ಯಾನಿನ ಕಡೆ ನೋಡುತ್ತಾರೆ. “ನಲವತ್ತಾರೋ ನಲವತ್ತೆಂಟೋ. ಬ್ಯಾರೇರ್ದೆಲ್ಲ ಮುಗೀಲಿ ಅಂತ ನಂದ್ನ ನಾನೇ ಕಡೀಕ್ ಮಡ್ಗಿದ್ದಿ.”