ಬಿಳಿಚೋಡಿನಲ್ಲಿ ಹೊಡೆದು ಹಾಕಿದ ಹೆಸರು

ತುರ್ತು ಪರಿಸ್ಥಿತಿಯ ಕಾಲ. ಸಣ್ಣ ಕಸುಬಿನವರಿಗೆ ನೆರವು ಕೊಡುವ ಹೊಸ ಕಾನೂನು ಬಂದಿತ್ತು. ಕಂಬಳಿ ನೇಯುವವರ ಪಟ್ಟಿ ಮಾಡಲು ನಾನು ಜಗಳೂರಿನ ತಾಲ್ಲೂಕು ಕಚೇರಿಯಿಂದ ಬಿಳಿಚೋಡಿಗೆ ಹೋಗಿದ್ದೆ. ಒಂದು ಮನೆಯಲ್ಲಿ ನೇಕಾರನ ಹೆಸರು ಬರೆದುಕೊಂಡು, ಮಗ್ಗ ನೋಡಲು ಒಳಕೋಣೆಗೆ ಕಾಲಿಟ್ಟೆ. ಹಿಂದಿನಿಂದ ಚಿಲಕ ಬಿತ್ತು.

“ಹೆಸ್ರು ಹೊಡೆದಾಕ್ರಿ, ಆಮ್ಯಾಲೆ ಬಾಗ್ಲು ತೆಗೀತೀನಿ,” ಎಂದಳು ಹೊರಗಿನಿಂದ ನೇಕಾರನ ತಾಯಿ.

“ಸಹಾಯ ಮಾಡಾಕೆ ಬಂದೀನಿ, ಅಜ್ಜಿ!”

“ಹೋದ ತಿಂಗಳೂ ಹಿಂಗೇ ಅಂದು ಹೆಸ್ರು ಬರಕೊಂಡ್ರು. ನನ್ನ ಹಿರೇಮಗನ್ನ ಜೀಪಿನಾಗೆ ಮಕ್ಕಳಾಗದಂಗೆ ಮಾಡೋ ಆಪರೇಷನ್‌ಗೆ ಒಯ್ದ್ರು. ಅವಂಗಿನ್ನೂ ಮದಿವೇನೇ ಆಗಿರ್ಲಿಲ್ಲ.”

ಹೊರಗೆ ಜನ ಸೇರುವ ಸದ್ದು ಕೇಳಿತು. ಹೆಸರಿನ ಮೇಲೆ ಗೀಟೆಳೆದು, ಹಾಳೆಯನ್ನು ಬಾಗಿಲ ಸಂದಿಯಲ್ಲಿ ತೂರಿಸಿದೆ. ಅಜ್ಜಿ ಗೀಟನ್ನು ಬೆರಳಿಂದ ಮುಟ್ಟಿ ನೋಡಿ, ಚಿಲಕ ತೆಗೆದು ಹಾಳೆ ಮರಳಿ ಕೊಟ್ಟಳು.

ಕಚೇರಿಗೆ ಮರಳಿ, ಹೆಸರು ಹೊಡೆದ ಕಾರಣದ ಜಾಗದಲ್ಲಿ ‘ಆಸಕ್ತಿ ಇಲ್ಲ’ ಎಂದು ಬರೆದೆ. ‘ಹೆದರಿಕೆ’ ಎಂದು ಬರೆಯಲು ನನಗೂ ಹೆದರಿಕೆಯೇ.