ಚಟ್ಲಿ ಮುರಿಯುವಲ್ಲಿ ಓದಿದ ಶೃಂಗಾರ ಕಾದಂಬರಿ

ಮೇ ಹನ್ನೊಂದು, ಭಾನುವಾರ, ಮಧ್ಯಾಹ್ನ ಮೂರೂಕಾಲು. ಎಲ್ಲರೂ ಓದುತ್ತಿದ್ದಾರೆಂಬ ಒಂದೇ ಕಾರಣಕ್ಕೆ ನಾನೂ ಆ ಇಂಗ್ಲಿಷ್ ಕಾದಂಬರಿ ತೆರೆದೆ. "ಫ್ಯಾನ್ ಹಾಯ್ಕಂಡ್ ಓದ್, ಬೆವರ್ತೆ" ಎಂದು ಕುಂದಾಪುರದ ಗೆಳತಿ ಎಚ್ಚರಿಸಿಯೇ ಕೊಟ್ಟಿದ್ದಳು. ನನಗೆ ಎಣಿಸುವ ಚಟ. ನಾಯಕಿ ತುಟಿ ಕಚ್ಚಿದಲ್ಲೆಲ್ಲ ಡೈರಿಯಲ್ಲಿ ಒಂದು ಗೀಟು. ಮೂರನೆಯ ಅಧ್ಯಾಯಕ್ಕೆ ಇಪ್ಪತ್ತಾರು ಗೀಟಾಗಿ, ಪ್ರೇಮಕ್ಕಿಂತ ಆ ತುಟಿಯ ಗತಿಯೇ ಹೆಚ್ಚು ಚಿಂತೆಯಾಯಿತು. ನಮ್ಮ ಹಳೆಯ ಕವಿಗಳು ನಾಯಕಿಯ ಕೈ ಮುಟ್ಟಿಸುವ ಮೊದಲು ಚಂದ್ರ, ಕೋಗಿಲೆ, ತಂಗಾಳಿ ಎಲ್ಲರನ್ನೂ ಕರೆಸುತ್ತಿದ್ದರು. ಇಲ್ಲಿ ಒಂದು ಲಿಫ್ಟು ಸಾಕು.

ಬೀಜಾಡಿಯ ನಮ್ಮ ಮನೆಯಲ್ಲಿ ಮಳೆಗಾಲದ ಮುಂಚೆ ಒಣ ಚಟ್ಲಿ, ಅಂದರೆ ಸೀಗಡಿ, ರಾಶಿ ಹಾಕಿಕೊಂಡು ತಲೆ ಬಾಲ ಮುರಿಯುತ್ತಾರೆ. ಆಗ ಒಬ್ಬರು ಗಟ್ಟಿಯಾಗಿ ಕಥೆ ಓದಬೇಕು. ಓದುವವರಿಗೆ ಕೆಲಸದಿಂದ ರಜೆ. ಬೆರಳು ಚುಚ್ಚಿಸಿಕೊಳ್ಳಲಾರದ ನನಗೆ ಪ್ರತಿವರ್ಷ ಅದೇ ಪಾಲು.

"ಹೆಣೆ, ಆ ಪುಸ್ತಕವೇ ಓದ್. ಅಷ್ಟ್ ಮುಖ ಹುಗ್ದ್ ಓದ್ತಿದ್ಯಲೆ, ಒಳ್ಳೇದೇ ಇರ್ಕ್" ಎಂದಳು ಅಂದು ರಾಶಿಯ ಮುಂದೆ ಕೂತಿದ್ದ ಚಿಕ್ಕಿ.

ಚಿಕ್ಕಿ ಎಂದರೆ ಚಿಕ್ಕಮ್ಮ, ನನ್ನನ್ನು ಸಾಕಿದವಳು. ನಮ್ಮ ಹುಡುಗಿ ಓದುವುದೆಲ್ಲ ಒಳ್ಳೆಯದೇ ಎಂದು ಊರಿಗೆಲ್ಲ ಹೇಳಿಕೊಂಡು ಬಂದವಳು. ಆ ನಂಬಿಕೆ ಅಂದೇ ಮುಗಿಯುತ್ತದೆ ಅನಿಸಿತು. ಹಾಗಾಗಿ ಕನ್ನಡಕ್ಕೆ ತಿರುಗಿಸಿ ಓದುತ್ತ, ಮಂಚ ಬಂದಲ್ಲೆಲ್ಲ ಊಟದ ಎಲೆ ಹಾಕಿದೆ. ನಾಯಕ ಬಾಗಿಲು ಮುಚ್ಚಿದ, ಇಬ್ಬರೂ ಊಟ ಮಾಡಿದರು. ಕಾರಿನಲ್ಲಿ ಊಟ, ಆಫೀಸಿನಲ್ಲಿ ಊಟ, ಬಚ್ಚಲಲ್ಲೂ ಅವಸರದ ಊಟ.

"ಅದೆಂತ ಮಾರಾಯ್ತಿ, ಬಚ್ಚಲಂಗೂ ಉಂಬ್ದಾ?" ಪಕ್ಕದ ಮನೆಯ ಗಿರಿಜಕ್ಕ ಕೇಳಿದಳು. "ಆ ಗಂಡಿನ್ ಹೊಟ್ಟೆಯಂಗೆ ಹುಳ ಇತ್ತಾ ಎಂತದಾ!"

ಚಿಕ್ಕಿ ತಲೆಯೆತ್ತದೆ ಇನ್ನೊಂದು ಚಟ್ಲಿ ಮುರಿದಳು. "ಅದಿರ್ಲಿ. ಉಂಡಾದ್ ಮೇಲ್ ಅವ್ಳ್ ಅಂಗಿ ಹುಡ್ಕುದ್ ಎಂತಕೆ?"

ಬಡಿಸುವ ಭರದಲ್ಲಿ ಮುಂದಿನ ವಾಕ್ಯವನ್ನು ಇದ್ದ ಹಾಗೇ ಓದಿಬಿಟ್ಟಿದ್ದೆ. ಇಬ್ಬರೂ ನಕ್ಕ ನಗೆಗೆ ಕಾಗೆಗಳು ಹಾರಿಹೋದವು. ನನ್ನ ಕಿವಿ ಬಿಸಿಯಾಯಿತು.

"ನಮ್ಗ್ ಗೊತ್ತಾತಿಲ್ಯಾ ಹೆಣೆ?" ಚಿಕ್ಕಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಸಿಟ್ಟಿರಲಿಲ್ಲ. "ಒಂದ್ ಹೇಳ್. ಇಷ್ಟ್ ಸಲ ಆಯ್ತಲೆ, ನಿಂಗೆ ಬೇಕಾ ಅಂದ್ ಅವ ಒಂದ್ ಸಲವಾರೂ ಕೇಂಡ್ನಾ?"

ಗಿರಿಜಕ್ಕನೂ ಕೈ ನಿಲ್ಲಿಸಿ ನನ್ನತ್ತ ನೋಡಿದಳು. ಮೊದಲ ಪುಟಕ್ಕೆ ಹೋಗಿ, ದೀಪ ಹಚ್ಚುವವರೆಗೂ ಹುಡುಕಿದೆ. ಆತ ಕಾರು ಕೊಡಿಸಿದ್ದ, ವಜ್ರ ತೊಡಿಸಿದ್ದ, ಕೇಳಿದ್ದು ಮಾತ್ರ ಎಲ್ಲೂ ಸಿಗಲಿಲ್ಲ. ತುಟಿ ಎಣಿಸುತ್ತ ಕೂತಿದ್ದ ನನಗೆ ಅದು ಹೊಳೆದೂ ಇರಲಿಲ್ಲ.

"ಹಂಗಾರೆ ಮುಚ್ಚಿಡ್" ಎಂದಳು ಚಿಕ್ಕಿ. "ಬೇರೆ ತಾ. ಇಂತದ್ದೇ ಆಯ್ಲಿ, ಅಡ್ಡಿಲ್ಲ. ಆದ್ರೆ ಕೇಂಬ ಗಂಡ್ ಇರ್ಕ್."

ಇನ್ನೂ ಎರಡು ಚೀಲ ಚಟ್ಲಿ ಬಾಕಿಯಿದೆ. ಹಾಗೆ ಕೇಳುವ ಗಂಡಿರುವ ಕಾದಂಬರಿ ನಿಮ್ಮಲ್ಲಿ ಯಾರಾದರೂ ಓದಿದ್ದರೆ, ಮಳೆ ಹಿಡಿಯುವ ಮೊದಲು ನನಗೊಂದು ಸಾಲು ಬರೆದು ತಿಳಿಸಿ. ಚಿಕ್ಕಿ ಕಾಯುತ್ತಿದ್ದಾಳೆ.