ಪೊನಿರಾನನ ಗೇಟು

ಪೊನಿರಾನ್ ಓದಿದ್ದು ಆರನೇ ತರಗತಿಯವರೆಗೆ. ಆದರೂ ಇಪ್ಪತ್ತೇಳು ವರ್ಷ ವಿಶ್ವವಿದ್ಯಾಲಯದಲ್ಲೇ ಕಳೆದವನು, ಮತ್ತು ಅವನು ಪಾಸು ಮಾಡದೆ ಅಲ್ಲಿಂದ ಒಬ್ಬರೂ ಮನೆಗೆ ಹೋದದ್ದಿಲ್ಲ. ಜೋಗ್ಯಕಾರ್ತದ ಉತ್ತರಕ್ಕೆ, ಮೋಡವಿಲ್ಲದ ಬೆಳಗ್ಗೆ ಮೆರಾಪಿ ಜ್ವಾಲಾಮುಖಿಯ ಹೊಗೆ ಕಾಣುವ ಆ ಕ್ಯಾಂಪಸ್ಸಿನಲ್ಲಿ ಗಾಡಿ ನಿಲ್ಲಿಸುವ ಬಯಲಿಗೆ ಇದ್ದದ್ದು ಒಂದೇ ಗೇಟು. ಅಲ್ಲಿ ಅವನ ನೀಲಿ ಪ್ಲಾಸ್ಟಿಕ್ ಕುರ್ಚಿ. ಹೊರಗೆ ಹೋಗುವವರು ಅದರ ಮುಂದೆ ನಿಂತು ಗಾಡಿಯ ಕಾಗದ ತೋರಿಸಬೇಕು. ಪೊನಿರಾನ್ ಕಾಗದದ ಮೇಲೆ ಅರ್ಧ ಕಣ್ಣು, ಮುಖದ ಮೇಲೆ ಒಂದೂವರೆ ಕಣ್ಣು ಇಟ್ಟು, “ನೋಡಿದೆ, ಹೋಗು” ಅನ್ನುತ್ತಿದ್ದ. ಆ ಮಾತು ಕಿವಿಗೆ ಬೀಳದೆ ಯಾವ ಹುಡುಗನೂ ಗಾಡಿ ಮುಂದಕ್ಕೆ ಬಿಡುತ್ತಿರಲಿಲ್ಲ.

ಮಕ್ಕಳು ಅವನನ್ನು ಕರೆಯುತ್ತಿದ್ದದ್ದು ‘ಪಕ್ಡೆ’ ಎಂದು. ನಾವು ದೊಡ್ಡಪ್ಪ ಅನ್ನುವ ಹಾಗೆ. ದೊಡ್ಡಪ್ಪನ ಅಧಿಕಾರವನ್ನೂ ಅವನು ಪೂರ್ತಿ ಚಲಾಯಿಸುತ್ತಿದ್ದ. “ಮಳೆ ಅಂಗಿ ಎಲ್ಲೋ?” “ನಿನ್ನೆ ಮೂತಿ ಊದಿತ್ತು, ಇವತ್ತು ಹಲ್ಲು ಬಿಡ್ತಿದೀಯ. ಪಾಸಾದ್ಯಾ?” ಇಂಥ ವಿಚಾರಣೆಗೆ ಯಾವ ಸುತ್ತೋಲೆಯಲ್ಲೂ ಜಾಗವಿರಲಿಲ್ಲ, ಗೇಟಿನಲ್ಲಿ ಮಾತ್ರ ಇತ್ತು.

ಆ ವರ್ಷ ಮೇಲಿನವರು ಕ್ಯಾಮರಾ ತಂದರು. ಗಾಡಿ ಒಳಗೆ ಬರುವಾಗ ನಂಬರನ್ನೂ ಸವಾರನ ಮುಖವನ್ನೂ ಹಿಡಿದಿಟ್ಟುಕೊಂಡು, ಹೊರಗೆ ಹೋಗುವಾಗ ಎರಡನ್ನೂ ತಾಳೆ ನೋಡುವ ಯಂತ್ರ. ಭದ್ರತಾ ವಿಭಾಗದ ಮುಖ್ಯಸ್ಥ ದರ್ಸೊನೊ ಕಾವಲಿನವರನ್ನೆಲ್ಲ ಸೇರಿಸಿ ಹೇಳಿದ: “ಒಂದು ತಿಂಗಳು ಪರೀಕ್ಷೆ. ಗೇಟಿನಲ್ಲಿ ಪೊನಿರಾನೂ ಇರ್ಲಿ, ಕ್ಯಾಮರಾನೂ ಇರ್ಲಿ. ಪೊನಿರಾನ್ ಕಣ್ಣು ತಪ್ಪಿಸಿ ಒಂದೇ ಒಂದು ಗಾಡಿ ಹೋದ್ರೆ ಕುರ್ಚಿ ತೆಗೀತೀವಿ. ಹೋಗದಿದ್ರೆ ನಿವೃತ್ತಿ ತನಕ ಅಲ್ಲೇ ಕೂತಿರ್ಲಿ.” ನಿವೃತ್ತಿಗೆ ಇನ್ನು ಎರಡು ವರ್ಷವೂ ಇರಲಿಲ್ಲ. ಆ ಕುರ್ಚಿಯಲ್ಲೇ ಕೂತು ಮುಗಿಸಬೇಕು ಅನ್ನುವುದೊಂದೇ ಪೊನಿರಾನನ ಆಸೆ.

ಯಂತ್ರಕ್ಕೆ ಮೊದಲ ದಿನವೇ ತಲೆ ಕೆಟ್ಟಿತು. ಈ ಊರಿನ ಮಕ್ಕಳಲ್ಲಿ ಗಾಡಿ ಅಂದರೆ ಬಾವಿಯ ಹಗ್ಗ, ಬೇಕಾದವರು ಎಳೆದುಕೊಳ್ಳುವುದು. ಬೆಳಗ್ಗೆ ಒಬ್ಬ ತಂದದ್ದನ್ನು ಮಧ್ಯಾಹ್ನ ಇನ್ನೊಬ್ಬ ಒಯ್ಯುತ್ತಾನೆ. ಯಂತ್ರ ಪ್ರತಿಯೊಂದಕ್ಕೂ ಕೆಂಪು ಗೆರೆ ಎಳೆದು ಕಳ್ಳತನ, ಕಳ್ಳತನ ಎಂದು ಬೊಬ್ಬೆ ಹಾಕಿತು. ಅದನ್ನು ನೋಡಿಕೊಳ್ಳುತ್ತಿದ್ದ ವಿಲಿಸ್ ಎಂಬ ಹುಡುಗಿ ದಿನಾ ಚಹಾ ಹೊತ್ತಿಗೆ ಪಟ್ಟಿ ಹಿಡಿದುಕೊಂಡು ಗೇಟಿಗೆ ಬರತೊಡಗಿದಳು.

“ಇವನ್ಯಾರು ಪಕ್ಡೆ?”

“ಇವನು ಗಾಡಿಯವನ ರೂಮ್‌ಮೇಟು. ಅವನಿಗೆ ಜ್ವರ, ಇವನು ಗಂಜಿ ತರೋಕೆ ಹೋಗಿದ್ದು. ಎರವಲು ಅಂತ ಬರ್ಕೊ.”

“ಇವಳು?”

“ಇವಳು ಆ ಗಾಡಿ ಹುಡುಗನ್ನ ಮದುವೆ ಆಗೋಳು. ಅವನಿಗಿನ್ನೂ ಗೊತ್ತಿಲ್ಲ. ಅದೂ ಎರವಲೇ.”

ವಿಲಿಸ್ ನಕ್ಕು ನಕ್ಕು ಗುರುತು ಹಾಕುವಳು. ಪಟ್ಟಿಯಲ್ಲಿ ಇದ್ದದ್ದು ಎರಡೇ ಗುರುತು, ಎರವಲು ಮತ್ತು ಕಳವು. ಆ ಎರವಲು ಅನ್ನುವುದನ್ನು ಯಂತ್ರಕ್ಕೆ ಸೇರಿಸುವಂತೆ ಮಾಡಿದ್ದೇ ಪೊನಿರಾನ್. ತಿಂಗಳು ಮುಗಿಯುತ್ತ ಬಂತು, ಕಳವು ಒಂದೂ ಇಲ್ಲ. ಪೊನಿರಾನ್ ಕುರ್ಚಿಗೆ ಹೊಸ ದಿಂಬು ತಂದು ಹಾಕಿಕೊಂಡ.

ಪರೀಕ್ಷೆಯ ಕೊನೆಯ ದಿನ ಶುಕ್ರವಾರ. ಮಧ್ಯಾಹ್ನ ಮೂರಕ್ಕೆ ಎರಡನೇ ವರ್ಷದ ವೆನಿಂಗ್ ಗೇಟಿಗೆ ಓಡಿ ಬಂದಳು. ಮುಖವೆಲ್ಲ ನೀರು.

“ಪಕ್ಡೆ, ನನ್ನ ಗಾಡಿ ಇಲ್ಲ! ಮಸೀದಿ ಹತ್ರ ನಿಲ್ಸಿದ್ದೆ. ಅಮ್ಮ ತೆಮಂಗುಂಗ್‌ನಲ್ಲಿ ಹೊಗೆಸೊಪ್ಪು ಒಣಗ್ಸಿ ಒಣಗ್ಸಿ ಕೊಡ್ಸಿದ ಗಾಡಿ…”

“ಅಳಬೇಡ ಮಗಳೇ. ನನ್ನ ಗೇಟು ದಾಟಿ ಕಳ್ಳ ಹೋಗಿಲ್ಲ. ಹೋಗಿದ್ರೆ ಈ ಮೀಸೆ ಬೋಳಿಸ್ತೀನಿ.” ಮೀಸೆಯಲ್ಲಿ ಇದ್ದದ್ದು ಹನ್ನೆರಡು ಕೂದಲಿರಬಹುದು, ಆದರೂ ಆಣೆ ಆಣೆಯೇ.

ಅಷ್ಟರಲ್ಲಿ ಅವನ ಫೋನಿಗೆ ವಿಲಿಸಳ ಕರೆ. “ಪಕ್ಡೆ, ಒಬ್ರೇ ಬನ್ನಿ. ಯಾರಿಗೂ ಹೇಳಬೇಡಿ.”

ಪರದೆಯ ಮೇಲೆ ವೆನಿಂಗಳ ಕರಿ ಸ್ಕೂಟರ್ ನಿಧಾನವಾಗಿ ಗೇಟು ದಾಟುತ್ತಿತ್ತು. ಸಮಯ ಹನ್ನೆರಡು ನಲವತ್ತೇಳು. ಸವಾರನ ತಲೆಯ ಮೇಲೆ ನಮಾಜಿನ ಕರಿ ಟೋಪಿ, ಮುಖದಲ್ಲಿ ಸುಖ. ಗೇಟಿನಲ್ಲಿ ಆ ಹೊತ್ತಿಗೆ ಪೊನಿರಾನನ ಬದಲಿಗೆ ನಿಂತಿದ್ದ ಕಾವಲಿನ ತುಲುಸ್ ಸೊಂಟ ಬಗ್ಗಿಸಿ ಸಲಾಮು ಬೇರೆ ಹೊಡೆಯುತ್ತಿದ್ದ. ಕಾವಲಿನವನ ಕಾಗದ ಕೇಳುವ ಕಾವಲಿನವನು ಎಲ್ಲಿದ್ದಾನೆ?

“ಅಯ್ಯೋ ದೇವರೇ,” ಪೊನಿರಾನ್ ಪರದೆಗೆ ಬೆರಳಿಟ್ಟ. “ಅದು ನಾನು!”

ದೀಪದ ಬುಡದಲ್ಲಿ ಕತ್ತಲೆ ಅಂದರೆ ಇದೇ. ದಿನಾ ಕಾವಲು ಕೋಣೆಯ ಹಿಂದೆ ನಿಲ್ಲಿಸುವ ತನ್ನ ಗಾಡಿಯನ್ನು ಅಂದು ನಮಾಜಿಗೆ ತಡವಾಯಿತೆಂದು ಮಸೀದಿಯ ಪಕ್ಕ ಮಕ್ಕಳ ಸಾಲಿನಲ್ಲಿ ಬಿಟ್ಟಿದ್ದ. ಇವನದೂ ಕರಿ, ಅವಳದೂ ಕರಿ, ಆ ಸಾಲಿನಲ್ಲಿ ನೂರೆಂಟು ಕರಿ. ಹನ್ನೊಂದು ವರ್ಷ ತಿರುಗಿ ತಿರುಗಿ ಸವೆದ ಅವನ ಕೀ, ಸಿಕ್ಕ ಬೀಗಕ್ಕೆಲ್ಲ ಸೈ ಅನ್ನುವ ಸ್ಥಿತಿಗೆ ಬಂದಿತ್ತು. ಊರವರ ನಂಬರನ್ನೆಲ್ಲ ಬಾಯಿಪಾಠ ಮಾಡಿದವನು ತಾನು ಕೂತದ್ದರ ನಂಬರ್ ನೋಡಿರಲಿಲ್ಲ.

ಅನುಮಾನವೇ ಬಂದಿರಲಿಲ್ಲವೇ ಅಂದರೆ, ಬಂದಿತ್ತು. ದಾರಿಯಲ್ಲಿ ಬ್ರೇಕು ಚೆನ್ನಾಗಿ ಹಿಡಿಯಿತು, ಪೆಟ್ರೋಲಿನ ಮುಳ್ಳು ಮೇಲಿತ್ತು. ಅಳಿಯ ಜರೋಟ್ ರಿಪೇರಿ ಮಾಡಿಸಿರಬೇಕೆಂದು ಅವನ ಕಣ್ಣು ಒದ್ದೆಯಾಗಿತ್ತು. ಊಟಕ್ಕೆ ಕೂತು ಹೆಂಡತಿ ಸಾರ್ಮಿಯ ಮುಂದೆ ಸೋಯಾ ಕಾಳಿನ ಕರಿದ ತೆಂಪೆ ಕಚ್ಚುತ್ತ, “ಏಳು ವರ್ಷಕ್ಕೆ ನಿನ್ನ ಅಳಿಯನಿಗೆ ಬುದ್ಧಿ ಬಂತು ಕಣೇ” ಎಂದು ಅಳಿಯನಿಗೆ ಫೋನು ಮಾಡಿ ಹೊಗಳಿಯೂ ಬಿಟ್ಟಿದ್ದ. ಆ ಭೂಪ “ಇರ್ಲಿ ಬಿಡಿ ಮಾವ, ನನ್ನ ಕರ್ತವ್ಯ” ಎಂದಿದ್ದ.

“ಹಾಗಾದ್ರೆ ಅವಳ ಗಾಡಿ?” ವಿಲಿಸ್ ಕೇಳಿದಳು.

“ಕಾವಲು ಕೋಣೆ ಹಿಂದೇನೇ ಇದೆ. ಎರಡಕ್ಕೆ ವಾಪಸ್ ಬಂದು ನಿಲ್ಸಿದೀನಿ.”

ವಿಲಿಸ್ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. “ಪಕ್ಡೆ, ದರ್ಸೊನೊ ಸಾರ್ ಇನ್ನೂ ನೋಡಿಲ್ಲ. ನೀವು ಗಾಡಿ ತಗೊಂಡೋಗಿ ಮಸೀದಿ ಹತ್ರ ಬಿಡಿ. ನಾನು ಇಲ್ಲಿ ‘ಎರವಲು’ ಅಂತ ಗುರುತು ಹಾಕ್ತೀನಿ. ಮುಗೀತು. ನಿಮ್ಮ ಕುರ್ಚಿ ನಿಮಗೆ.”

ಪೊನಿರಾನ್ ಪರದೆಯನ್ನೇ ನೋಡುತ್ತ ಕೂತ. ಆಸೆಯಾಗಲಿಲ್ಲ ಎಂದರೆ ಸುಳ್ಳು. ಬಹಳ ಆಸೆಯಾಯಿತು. ಹೊಸ ದಿಂಬು ಕಣ್ಣಮುಂದೆ ಬಂತು.

“ಎರವಲು ಅಂದ್ರೆ ಕೇಳಿ ತಗೊಳ್ಳೋದು,” ಎಂದ ಕೊನೆಗೆ. “ನಾನು ಕೇಳಿದ್ನಾ?”

“ಕಳವು ಅಂತನೂ ಹಾಕೋಕಾಗಲ್ಲ ಅಲ್ವಾ!”

“ಹಾಗಾದ್ರೆ ಮೂರನೇ ಗುರುತು ಒಂದು ಮಾಡು. ‘ಮರೆವು’ ಅಂತ. ನನ್ನ ಮುಖ ಅಲ್ಲೇ ಇರ್ಲಿ. ಇವತ್ತು ನನಗೋಸ್ಕರ ಸುಳ್ಳು ಬರೆದ್ರೆ, ನಾಳೆ ಈ ಪಟ್ಟೀಲಿ ಇನ್ಯಾರ ಮಾತು ನಂಬ್ತೀಯಮ್ಮ?”

ವಿಲಿಸ್ ತಲೆ ತಗ್ಗಿಸಿ ಗುರುತು ಮಾಡಿದಳು. ಪೊನಿರಾನ್ ತಾನೇ ದರ್ಸೊನೊ ಬಳಿ ಹೋಗಿ ಎಲ್ಲವನ್ನೂ ಹೇಳಿದ, ಆಮೇಲೆ ಗಾಡಿ ತಳ್ಳಿಕೊಂಡು ಬಂದು ವೆನಿಂಗಳ ಮುಂದೆ ಕೈ ಮುಗಿದು ನಿಂತ. ಆ ಹುಡುಗಿ ಅಳುತ್ತಲೇ ನಗತೊಡಗಿದಳು.

“ನನ್ನ ಗಾಡೀಲಿ ಮನೆಗೆ ಹೋಗಿ ಊಟ ಮಾಡ್ಕೊಂಡು ಬಂದ್ರಾ? ನನಗೆ ಒಂದು ತುಂಡು ತೆಂಪೆನೂ ತರ್ಲಿಲ್ವಾ?”

“ನಾಳೆ ತರ್ತೀನಿ. ನಿನ್ನ ಬ್ರೇಕು ಬಹಳ ಚೆನ್ನಾಗಿದೆ ಮಗಳೇ.” ಅಳಿಯನಿಗೆ ಆ ಸಂಜೆಯೇ ಫೋನು ಹೋಯಿತು, ಹೊಗಳಿಕೆ ವಾಪಸ್ ಪಡೆಯಲು. ಮಾರನೆಯ ದಿನ ತೆಂಪೆ ತಂದುಕೊಟ್ಟಾಗ ಪೊನಿರಾನನ ಮೇಲ್ತುಟಿ ನುಣ್ಣಗಿತ್ತು. ಕಳ್ಳ ಹೋಗಿಲ್ಲವಲ್ಲ ಎಂದು ವಿಲಿಸ್ ವಾದಿಸಿದ್ದಳು, ಅವನು ಕೇಳಿರಲಿಲ್ಲ.

ದರ್ಸೊನೊ ಕೆಟ್ಟವನಲ್ಲ, ಆದರೆ ಮಾತು ಮಾತೇ. ಸೋಮವಾರ ಬೆಳಗ್ಗೆ ನೀಲಿ ಕುರ್ಚಿ ಗೇಟಿನಿಂದ ಹೋಯಿತು. ಪೊನಿರಾನನನ್ನು ಒಳಗೆ, ಪರದೆಗಳ ಮುಂದೆ, ವಿಲಿಸಳ ಪಕ್ಕ ಕೂರಿಸಿದರು, ಕೆಂಪು ಗೆರೆಗಳ ಅರ್ಥ ಹೇಳಲು. ಅಲ್ಲಿ ತಣ್ಣನೆ ಗಾಳಿ, ತಿರುಗುವ ಕುರ್ಚಿ, ಮೈಗೆ ಎಲ್ಲ ಸುಖ. ಅವನು ದಿಂಬನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

ಮಧ್ಯಾಹ್ನದ ತರಗತಿ ಬಿಟ್ಟಿತು. ಪರದೆಯಲ್ಲಿ ಮೊದಲ ಗಾಡಿ ಗೇಟಿಗೆ ಬಂತು. ಯಂತ್ರ ನಂಬರ್ ಓದಿತು, ಮುಖ ಓದಿತು, ಅಡ್ಡಗಂಬ ತಾನಾಗಿ ಮೇಲೆದ್ದಿತು. ಗಾಡಿ ಮಾತ್ರ ಕದಲಲಿಲ್ಲ.

ವೆನಿಂಗ್. ಹ್ಯಾಂಡಲಿಗೆ ಒಂದು ಕೆಂಪು ಬಟ್ಟೆ ಕಟ್ಟಿಕೊಂಡಿದ್ದಳು, ಇನ್ನು ಯಾರೂ ಮರೆಯದಿರಲಿ ಎಂದು. ಗಾಡಿಯ ಕಾಗದವನ್ನು ಕ್ಯಾಮರಾದ ಕಡೆ ಎತ್ತಿ ಹಿಡಿದು ಸುಮ್ಮನೆ ನಿಂತಿದ್ದಳು. ಅವಳ ಹಿಂದೆ ಎರಡನೆಯವನೂ ಕಾಗದ ತೆಗೆದ, ಮೂರನೆಯವಳೂ ತೆಗೆದಳು. ಸಾಲು ಮಸೀದಿಯವರೆಗೆ ಬೆಳೆಯಿತು. ಒಬ್ಬನೂ ಹಾರ್ನ್ ಹೊಡೆಯಲಿಲ್ಲ.

“ಯಾಕೆ ಹೋಗ್ತಿಲ್ಲ ಇವ್ರು?” ದರ್ಸೊನೊ ಓಡಿ ಬಂದ. “ಯಂತ್ರ ಕೆಟ್ಟಿತಾ?”

“ಯಂತ್ರ ಸರಿಯಾಗಿದೆ ಸಾರ್,” ಎಂದಳು ವಿಲಿಸ್. ಗೇಟಿನ ಧ್ವನಿವರ್ಧಕದ ಗುಂಡಿ ಒತ್ತಿ, ಮೈಕನ್ನು ಪೊನಿರಾನನ ಬಾಯಿಯ ಹತ್ತಿರ ಸರಿಸಿದಳು.

ಪೊನಿರಾನ್ ಪರದೆಗೆ ಬಾಗಿ, ಕಾಗದದ ಮೇಲೆ ಅರ್ಧ ಕಣ್ಣು, ಮುಖದ ಮೇಲೆ ಒಂದೂವರೆ ಕಣ್ಣು ಇಟ್ಟ.

“ನೋಡಿದೆ, ಹೋಗು.”